ಚಿಲಕ ನೋಡಿ ಬರೆದವರು

ಅವರು ತೀರಿಕೊಂಡ ಸುದ್ದಿ ನನಗೆ ಮೂರು ತಿಂಗಳು ತಡವಾಗಿ ಸಿಕ್ಕಿತು. ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲ ಮೇಲೆ ಶೈಲಾ ಎದುರಾಗದಿದ್ದರೆ ಇನ್ನೂ ತಡವಾಗುತ್ತಿತ್ತೇನೋ. ಒಂದು ಕಾಲದಲ್ಲಿ ನಾವಿಬ್ಬರೂ ಪೀಣ್ಯದ ಒಂದು ಸಣ್ಣ ಪ್ರವಾಸ ಮಾಸಿಕದಲ್ಲಿ ಕೆಲಸ ಮಾಡಿದವರು. ನಾನು ಬರೆಯುತ್ತಿದ್ದೆ, ಅವಳು ಪುಟ ಜೋಡಿಸುತ್ತಿದ್ದಳು. ಮಕ್ಕಳ ಓದು, ಮಂಡಿನೋವು ಎಲ್ಲ ಮಾತಾಡಿ ಮುಗಿದು ಹೊರಡುವ ಹೊತ್ತಿಗೆ ಅವಳು ಅಂದಳು: "ಗಾರ್ಮೆಂಟ್ಸ್ ಅಕ್ಕ ಓಗ್ಬಿಟ್ರಂತೆ ಸಾರ್. ಊರಿಗೆ ಓಗಿದ್ದಾಗ ಎದೆನೋವು ಬಂತಂತೆ."

ನನಗೆ ಮೊದಲು ಬಂದದ್ದು ದುಃಖವಲ್ಲ, ಸಿಡುಕು. ಐದಾರು ವರ್ಷಗಳಿಂದ ಅವರಿಗೆ ಒಂದು ಫೋನ್ ಮಾಡಬೇಕು, ಮಾಡಬೇಕು ಎಂದುಕೊಂಡೇ ಇದ್ದೆ. ಇನ್ನು ಮಾಡುವಂತಿಲ್ಲ. ಅವರೇ ಆಗಿದ್ದರೆ ಈ ಕೆಲಸವನ್ನು ಒಂದು ವಾರವೂ ಮುಂದೂಡುತ್ತಿರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅವರನ್ನು ಕೇಳದೆ ಒಮ್ಮೆ ಅವರ ಗುರುತನ್ನು ಬಳಸಿದ್ದೇನೆ. ಎರಡನೆಯ ಸಲ ಆಗದು.

ನಮ್ಮ ಕಚೇರಿ ಪೀಣ್ಯ ಎರಡನೇ ಹಂತದ ಒಂದು ಮುದ್ರಣಾಲಯದ ಮೇಲಿನ ಮಹಡಿಯಲ್ಲಿತ್ತು. ಕೆಳಗೆ ಔಷಧಿ ಡಬ್ಬಿಗಳ ಲೇಬಲ್ಲು, ಮದುವೆಯ ಆಹ್ವಾನಪತ್ರಿಕೆ ಅಚ್ಚಾಗುತ್ತಿದ್ದವು. ಯಂತ್ರ ಸುಮ್ಮನೆ ನಿಂತಿರುವ ದಿನಗಳಲ್ಲಿ ಏನಾದರೂ ಓಡಲಿ ಎಂದು ಮಾಲೀಕರು ಪತ್ರಿಕೆ ಶುರು ಮಾಡಿದ್ದರು. ಸಾಮಾನ್ಯರಿಗಾಗಿ ಕಡಿಮೆ ಖರ್ಚಿನ ಪ್ರವಾಸ, ಇದು ಮುಖಪುಟದ ಮೇಲೆ ನಾವು ಹಾಕುತ್ತಿದ್ದ ಮಾತು. ಆ ಸಾಮಾನ್ಯರು ಯಾರು ಎಂದು ನಾವು ಯಾರೂ ಕೇಳಿಕೊಂಡಿರಲಿಲ್ಲ. ನಾನು ಲೇಖನಗಳನ್ನು ಕುರ್ಚಿಯಲ್ಲಿ ಕೂತೇ ಬರೆಯುತ್ತಿದ್ದೆ. ಹಳೆಯ ಪತ್ರಿಕೆ, ಯಾರದೋ ಬ್ಲಾಗು, ಇಂಟರ್ನೆಟ್ಟಿನಲ್ಲಿ ಸಿಕ್ಕ ಫೋಟೊ ಇಷ್ಟಿದ್ದರೆ ಒಂದು ಬೆಟ್ಟವನ್ನು ಅರ್ಧ ದಿನದಲ್ಲಿ ಹತ್ತಿ ಇಳಿಯುತ್ತಿದ್ದೆ. 'ನಿಸರ್ಗದ ಮಡಿಲು' ಎಂಬ ಮಾತು ಒಂದೇ ಸಂಚಿಕೆಯಲ್ಲಿ ನಾಲ್ಕು ಸಲ ಬಂದರೂ ಓದುಗರು ದೂರಿದ್ದಿಲ್ಲ.

ಅವರು ಬಂದದ್ದು ಒಂದು ಶನಿವಾರ ಸಂಜೆ, ಕಾರ್ಖಾನೆಗಳ ಪಾಳಿ ಬಿಡುವ ಹೊತ್ತಿಗೆ. ಐವತ್ತರ ಆಸುಪಾಸಿನ ಹೆಂಗಸು, ಸಣಕಲು ಮೈ, ಕೊರಳಲ್ಲಿ ಕಾರ್ಖಾನೆಯ ಐಡಿ ಕಾರ್ಡು, ಕೈಯಲ್ಲಿ ಊಟದ ಡಬ್ಬಿಯ ಚೀಲ. ಬಾಗಿಲಲ್ಲಿ ನಿಂತು ನಮ್ಮ ಕಿಟಕಿಯ ಪರದೆಯ ಅಂಚನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು, ಒಳಮಗ್ಗುಲು ತಿರುಗಿಸಿ ಹೊಲಿಗೆ ನೋಡಿದರು. ಆಮೇಲೆ ಇದು ನನಗೆ ರೂಢಿಯಾಯಿತು. ಟೇಬಲ್ ಕ್ಲಾತಾಗಲಿ, ನನ್ನ ಅಂಗಿಯ ತೋಳಾಗಲಿ, ಬಟ್ಟೆ ಕಂಡರೆ ಅವರು ತಿರುಗಿಸಿ ನೋಡದೆ ಬಿಟ್ಟವರಲ್ಲ. ಹತ್ತಿರದ ಗಾರ್ಮೆಂಟ್ ಕಾರ್ಖಾನೆಯಲ್ಲಿ ಅವರು ಚೆಕ್ಕರ್. ಹೊಲಿದು ಬಂದ ಅಂಗಿಗಳಲ್ಲಿ ತಪ್ಪು ಹುಡುಕುವುದೇ ದಿನವಿಡೀ ಕೆಲಸ.

"ಇದನ್ನ ಬರದೋರು ಯಾರ್ರಿ?" ಎಂದು ಚೀಲದಿಂದ ನಮ್ಮ ಪತ್ರಿಕೆ ತೆಗೆದರು.

"ನಾನೇ. ಏನಾಗಬೇಕಿತ್ತು?"

ಮೇಜಿನ ಮೇಲೆ ಪುಟ ಬಿಡಿಸಿಟ್ಟರು. ತುಮಕೂರಿನ ಆಚೆಯ ಒಂದು ಬೆಟ್ಟದ ಬಗ್ಗೆ ನಾನು ಬರೆದದ್ದು, 'ಒಂದು ದಿನದ ಪ್ರವಾಸ'. ಅದರ ಮೇಲೆ ಅಲ್ಲಲ್ಲಿ ಪುಟ್ಟ ಕೆಂಪು ಬಾಣಗಳನ್ನು ಅಂಟಿಸಿದ್ದರು. ಹೊಲಿಗೆ ತಪ್ಪಿದ ಕಡೆ ಗುರುತಿಗೆಂದು ಚೆಕ್ಕರುಗಳು ಅಂಟಿಸುವ ಸ್ಟಿಕ್ಕರ್ ಅವು. ಎಣಿಸಿದೆ, ಏಳಿದ್ದವು.

"ಇಲ್ಲಿ ನೋಡ್ರಿ, ಬೆಟ್ಟದ ಬುಡದ ತನಕ ಬಸ್ ಐತಿ ಅಂತ ಬರದೀರಿ. ಬಸ್ ಊರಾಗ ನಿಂದರತೈತಿ. ಅಲ್ಲಿಂದ ನಾಕ್ ಕಿಲೋಮೀಟರ್ ಬಿಸಿಲಾಗ ನಡದ್ವಿ. ಇಲ್ಲಿ, ಊಟದ ವ್ಯವಸ್ಥೆ ಐತಿ ಅಂದೀರಿ. ಒಂದ್ ಡಬ್ಬಿ ಅಂಗಡಿ ಐತಿ, ಅದರಾಗ ಬಿಸ್ಕೀಟು, ಗುಟ್ಕಾ. ಇಲ್ಲಿ, ಹೆಣ್ಮಕ್ಕಳಿಗೆ ಶೌಚಾಲಯ ಐತಿ ಅಂದೀರಿ. ಐತ್ರಿ, ಇಲ್ಲ ಅನ್ನಂಗಿಲ್ಲ. ಬೀಗ ಹಾಕ್ಯಾರ."

"ಬಸ್ಸಿನ ಸಮಯ ಬದಲಾಗಬಹುದು ಅಂತ ಕೊನೇಲಿ ಹಾಕಿದ್ದೀವಲ್ಲ" ಅಂದೆ.

"ಸಮಯ ಬದಲಾಗಿಲ್ರಿ. ರವಿವಾರ ಸಂಜಿಗಿ ಬಸ್ಸೇ ಇಲ್ಲ. ಆ ಊರಾಗ ಯಾರನ್ನ ಕೇಳಿದ್ರೂ ಹೇಳತಾರ. ನೀವು ಅಲ್ಲಿಗಿ ಹೋಗಿದ್ರೇನು?"

ಕಂಪ್ಯೂಟರಿನ ಹಿಂದಿನಿಂದ ಶೈಲಾ ಸಣ್ಣ ದನಿಯಲ್ಲಿ, "ಇಲ್ಲ ಅಕ್ಕ, ಅವ್ರು ಎಲ್ಲೂ ಓಗಲ್ಲ" ಅಂದಳು.

ಹನ್ನೊಂದು ಹೆಂಗಸರು ಹೋಗಿದ್ದರಂತೆ, ಎಲ್ಲ ಕಾರ್ಖಾನೆಯಲ್ಲಿ ಒಂದೇ ಸಾಲಿನ ಯಂತ್ರಗಳಲ್ಲಿ ಕೂರುವ, ಒಂದೇ ಲೈನಿನವರು. ಅವರಲ್ಲಿ ಮಂಜುಳಾ ಎಂಬವಳು ಮದುವೆಯಾದ ಮೇಲೆ ಗಂಡ, ಅತ್ತೆ ಇಲ್ಲದೆ ಮನೆಯಿಂದ ಹೊರಟದ್ದು ಅದೇ ಮೊದಲು. ಕತ್ತಲಾಗುವುದರೊಳಗೆ ಬರುತ್ತೇನೆಂದು ಹೇಳಿ ಒಪ್ಪಿಗೆ ಪಡೆದಿದ್ದಳು. ಸಂಜೆ ಬಸ್ಸು ಬಾರದೆ, ತರಕಾರಿ ಸಾಗಿಸುವ ಲಗೇಜ್ ಆಟೊದಲ್ಲಿ ಹೆದ್ದಾರಿಗೆ ಬಂದು, ಅಲ್ಲಿಂದ ಸಿಕ್ಕಿದ್ದು ಹತ್ತಿ ಮನೆ ಸೇರುವಾಗ ಬೀದಿಯವರೆಲ್ಲ ಮಲಗಿದ್ದರು.

"ಆಕಿ ಗಂಡ ಬೈದಿಲ್ರಿ, ಹೊಡದಿಲ್ಲ" ಅಂದರು ಅವರು. "'ನೋಡಿದ್ಯಲ್ಲ, ಇನ್ನ ಸಾಕು' ಅಂದಾನಂತ. ಅಷ್ಟ. ಆಕಿದು ಒಂದ್ ರವಿವಾರ ಕೆಟ್ಟಿಲ್ಲ. ಇರೋ ರವಿವಾರ ಎಲ್ಲಾ ಹೋದವು. ನಿಮ್ಮ ಒಂದ್ ಸಾಲಿಗೆ."

ತಪ್ಪು ನನ್ನದೆಂದು ಗೊತ್ತಿದ್ದೂ ನನಗೆ ಸಿಟ್ಟು ಬಂತು. ಇಷ್ಟು ಅಗ್ಗದ ಪತ್ರಿಕೆಯಿಂದ ಇನ್ನೇನು ಬಯಸುತ್ತೀರಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ತಡೆಯದೆ ಆಡಿಯೂ ಬಿಟ್ಟೆ.

ಅವರು ನನ್ನನ್ನೊಮ್ಮೆ ನೋಡಿದರು. "ಅಗ್ಗ ಅಂತ ತಗೊಂಡಿದ್ದಲ್ರಿ. ನಮ್ಮಂಥೋರಿಗೆ ಅಂತ ಮ್ಯಾಲ ಬರದಿತ್ತು, ಅದಕ್ಕ ತಗೊಂಡ್ವಿ. ಕಾರ್ ಇದ್ದೋರಿಗೆ ನಿಮ್ಮ ತಪ್ಪು ತಟ್ಟಂಗಿಲ್ಲ. ಇಲ್ಲಿ ಸರಿ ಇಲ್ಲಂದ್ರ ಮುಂದಿನ ಊರಿಗಿ ಹೋಗತಾರ. ನಮಗ ತಪ್ಪಾದ್ರ ಅಲ್ಲೇ ನಿಂದರಬೇಕು. ಚಲೋತ್ನಂಗ ಬರಿಯೋದು ನಮಗ ಬೇಕೋ, ಅವರಿಗಿ ಬೇಕೋ?"

ಉತ್ತರಕ್ಕೆ ಕಾಯಲಿಲ್ಲ. ಬಾಣ ಅಂಟಿಸಿದ ಸಂಚಿಕೆಯನ್ನು ಮೇಜಿನ ಮೇಲೆಯೇ ಬಿಟ್ಟು ಹೋದರು.

ಹದಿನೈದು ದಿನಕ್ಕೆ ಮತ್ತೆ ಬಂದರು. ಬೇರೊಂದು ಜಾಗಕ್ಕೆ ತಾವೇ ಹೋಗಿ ನೋಡಿ ಬರೆದುಕೊಂಡು ಬಂದಿದ್ದರು. ಕಟಿಂಗ್ ವಿಭಾಗದಲ್ಲಿ ಬಿಸಾಡುವ ಕಂದು ಕಾಗದದ ಉದ್ದನೆ ತುಂಡುಗಳ ಮೇಲೆ, ಅಕ್ಷರ ಒಂದಕ್ಕೊಂದು ತಾಗದಂತೆ ಬಿಡಿಬಿಡಿಯಾಗಿ. ಹೀಗಿತ್ತು ಅದು: 'ಬಸ್ಸಿಳಿದ ಕೂಡಲೇ ಎಡಕ್ಕೆ ಹೋಗಬೇಕು. ಬಲಕ್ಕೆ ಸಾರಾಯಿ ಅಂಗಡಿ ಇದೆ. ಹೆಣ್ಣುಮಕ್ಕಳ ಶೌಚಾಲಯ ಮೂರು. ಒಂದಕ್ಕೆ ಚಿಲಕ ಇಲ್ಲ. ಒಂದಕ್ಕೆ ನೀರು ಇಲ್ಲ. ಮೂರನೆಯದು ಸರಿ ಇದೆ, ಹನ್ನೊಂದರ ಮೇಲೆ ಸಾಲು ಇರುತ್ತದೆ. ಮೆಟ್ಟಿಲು ಇನ್ನೂರ ಅರವತ್ತು. ನೂರರ ನಂತರ ಹಿಡಿದುಕೊಳ್ಳಲು ಕಂಬಿ ಇಲ್ಲ. ಬುತ್ತಿ ಬಿಚ್ಚಿ ಕೂರಲು ಹುಣಸೆಮರ ಇದೆ, ಯಾರೂ ಎಬ್ಬಿಸುವುದಿಲ್ಲ. ಸಂಜೆ ಬಸ್ಸು ನಾಲ್ಕು ಹತ್ತಕ್ಕೆ. ಅದು ತಪ್ಪಿದರೆ ಬೇರೆ ಇಲ್ಲ.'

ಓದಿದೆ. ಇದು ಲೇಖನವಲ್ಲ ಎಂದೆ. ನೋಡುವುದಕ್ಕೆ ಆ ಜಾಗ ಹೇಗಿದೆ, ಒಂದು ಸಾಲಾದರೂ ಬೇಡವೇ ಎಂದೆ.

"ಅದನ್ನ ಹೋದೋರು ನೋಡ್ಕೋತಾರ ಬಿಡ್ರಿ. ಕಣ್ಣು ಅದಾವ."

ಆ ಕಾಗದವನ್ನು ನಾನು ಖಾನೆಗೆ ಹಾಕಿಟ್ಟೆ. ಆ ತಿಂಗಳು ಒಂದು ಜಾಹೀರಾತು ಕೈಕೊಟ್ಟು ಅರ್ಧ ಪುಟ ಖಾಲಿ ಉಳಿಯಿತು. ಬೇರೇನೂ ಇಲ್ಲದೆ ಅದನ್ನೇ ಹಾಕಿದೆವು, 'ಅಕ್ಕ ನೋಡಿ ಬಂದದ್ದು' ಎಂಬ ತಲೆಬರಹ ಕೊಟ್ಟು. ಹೆಸರು ಬೇಡ, ಕಾರ್ಖಾನೆಯಲ್ಲಿ ಇಲ್ಲದ ತಕರಾರು ಎಂದು ಅವರೇ ಹೇಳಿದ್ದರು. ಆ ವಾರ ಕಚೇರಿಗೆ ಒಂಬತ್ತು ಫೋನು ಬಂದವು. ನಾಲ್ಕು ವರ್ಷದಲ್ಲಿ ನನ್ನ ಯಾವ ಲೇಖನಕ್ಕೂ ಒಂಬತ್ತು ಫೋನು ಬಂದಿರಲಿಲ್ಲ. ಅತ್ತಿಬೆಲೆಯ ಒಬ್ಬ ಲೇತ್ ಆಪರೇಟರ್, ತಾಯಿಗೆ ಮಂಡಿನೋವು, ನೂರು ಮೆಟ್ಟಿಲಿನವರೆಗೆ ಕಂಬಿ ಇರುವುದು ಖಂಡಿತವೇ ಎಂದು ಕೇಳಿದ. ಖಂಡಿತ ಎಂದೆ. ಆ ಮಾತನ್ನು ಅಷ್ಟು ಧೈರ್ಯವಾಗಿ ಹೇಳಿದ್ದು ನನಗೇ ಹೊಸದಾಗಿತ್ತು.

ಹೀಗೆ ಒಂದು ವರ್ಷಕ್ಕೂ ಮೀರಿ ಅವರ ಪುಟ ಬಂತು. ಅವರೊಡನೆ ಕೆಲಸ ಮಾಡುವುದು ಸುಖವಾಗಿರಲಿಲ್ಲ. ಒಂದು ಪದ ತಿದ್ದಿದರೆ ಕಾರಣ ಕೇಳುವರು. 'ಸುಮಾರು' ಎಂಬ ಪದವನ್ನು ಅವರು ಸಹಿಸುತ್ತಿರಲಿಲ್ಲ. "ಸುಮಾರು ಅಂದ್ರ ನೋಡಿಲ್ಲ ಅಂತ ಅರ್ಥ" ಎನ್ನುತ್ತಿದ್ದರು. ಶನಿವಾರ ಬಂದಾಗಲೆಲ್ಲ ಅದೇ ಪ್ರಶ್ನೆ: ಈ ವಾರವಾದರೂ ಎಲ್ಲಿಗಾದರೂ ಹೋಗಿದ್ದಿರಾ? ಇಲ್ಲವೆನ್ನುವುದಕ್ಕೆ ನಾಚಿಕೆಯಾಗಿ, ಒಂದು ಭಾನುವಾರ ಅವರ ಜೊತೆಗೇ ಹೊರಟೆ.

ಚಿಕ್ಕಬಾಣಾವರದ ರೈಲು ನಿಲ್ದಾಣದಲ್ಲಿ ಬೆಳಗ್ಗೆ ಆರಕ್ಕೆ ಅವರೂ ಸೇರಿ ಏಳು ಹೆಂಗಸರು ನಿಂತಿದ್ದರು. ಎಲ್ಲರ ಕೈಯಲ್ಲೂ ಬುತ್ತಿ. ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದ ಹುಲಿಗೆಮ್ಮ ನನಗೆ ಅವತ್ತೇ ಪರಿಚಯವಾದದ್ದು. ಇಬ್ಬರೂ ಕೊಪ್ಪಳದ ಕಡೆಯ ಒಂದೇ ಊರಿನವರು. ಇಪ್ಪತ್ತು ವರ್ಷದ ಕೆಳಗೆ ಕಟ್ಟಡದ ಕೆಲಸಕ್ಕೆಂದು ಬಂದು, ಸಿಮೆಂಟು ಹೊತ್ತು, ಆಮೇಲೆ ಗಾರ್ಮೆಂಟ್ಸ್ ಸೇರಿದವರು. "ಇಪ್ಪತ್ತ್ ವರ್ಷ ಬೆಂಗಳೂರಾಗ ಅದೇನಿ ಅಂತ ಊರಾಗ ಹೇಳತೀನಿ. ನಾ ನೋಡಿದ್ದು ಪೀಣ್ಯಾ" ಎಂದು ಅಕ್ಕ ರೈಲಿನಲ್ಲಿ ಅಂದರು. "ಸೂಟಿ ಅಂದ್ರ ಬಟ್ಟಿ ಒಗಿಯೋ ದಿನ ಅಂತ ತಿಳಕೊಂಡಿದ್ದೆ ನಾನೂ."

ರೈಲಿಳಿದು ಬಸ್ಸು ಹಿಡಿದು ಹೋದದ್ದು ಒಂದು ಕೆರೆ, ಅದರ ಪಕ್ಕಕ್ಕೊಂದು ಗುಡ್ಡ. ಇಳಿದ ಕೂಡಲೇ ಅವರು ಹೋದದ್ದು ಶೌಚಾಲಯಕ್ಕೆ. ಒಂದೊಂದೇ ಬಾಗಿಲು ಮುಚ್ಚಿ, ಒಳಗಿನಿಂದ ಚಿಲಕ ಹಾಕಿ, ನಮ್ಮಲ್ಲಿ ಒಬ್ಬರಿಗೆ ಹೊರಗಿನಿಂದ ತಳ್ಳಲು ಹೇಳಿದರು. ತೆರೆದುಕೊಂಡರೆ ಬರೆದುಕೊಂಡರು. ಮಿಕ್ಕವರು ನೀರಿಗಿಳಿಯುವ ಆತುರದಲ್ಲಿದ್ದರೆ ಇವರು ಒಬ್ಬೊಬ್ಬರಿಗೂ ಬಟ್ಟೆ ಬದಲಿಸುವ ಜಾಗ ತೋರಿಸಿ, ಚಪ್ಪಲಿ ಎಲ್ಲಿಡಬೇಕು, ಯಾವ ಕಲ್ಲು ಜಾರುತ್ತದೆ ಎಂದು ಹೇಳುತ್ತಲೇ ಇದ್ದರು. "ಕಾರ್ಖಾನ್ಯಾಗ ಸೂಪರ್‌ವೈಸರ್ ಕಾಟ, ಇಲ್ಲಿ ಅಕ್ಕನ ಕಾಟ" ಎಂದು ಹುಲಿಗೆಮ್ಮ ನನ್ನ ಕಿವಿಯಲ್ಲಿ ಗೊಣಗಿದಳು. ಸುಳ್ಳಲ್ಲ. ಅರ್ಧ ದಿನದಲ್ಲಿ ನನಗೂ ಸಾಕಾಗಿತ್ತು.

ಗುಡ್ಡದ ನೆತ್ತಿಯಲ್ಲಿ ಎಲ್ಲರೂ ಕೂಗಿ ಕೂಗಿ ಫೋಟೊ ತೆಗೆದುಕೊಳ್ಳುತ್ತಿದ್ದಾಗ ಅವರು ಕೆರೆಗೆ ಬೆನ್ನು ಹಾಕಿ ಕಬ್ಬಿಣದ ಬೇಲಿಯನ್ನು ಅಲ್ಲಾಡಿಸಿ ನೋಡುತ್ತಿದ್ದರು. "ಒಂದು ನಿಮಿಷ ಈ ಕಡೆ ನೋಡಿ ಅಕ್ಕ" ಅಂದೆ. ತಿರುಗಿದರು. ಬೇಲಿ ಹಿಡಿದುಕೊಂಡು ತುಂಬ ಹೊತ್ತು ನೋಡಿದರು. ಮೊಂಡು ಮೂಗಿನ ಮೇಲಿನ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ, ಹಾಕಿಕೊಂಡು ಮತ್ತೆ ನೋಡಿದರು. "ಭಾಳ ಅಗಲ ಐತಲ್ರಿ" ಅಂದರು. ಅಷ್ಟೇ. ಆ ಮಾತನ್ನು ನಾನು ಅವರ ಬರಹದಲ್ಲಿ ಸೇರಿಸಿದ್ದೆ. ಅಚ್ಚಿಗೆ ಮೊದಲು ನೋಡಲು ಕೊಟ್ಟಾಗ ಅದರ ಮೇಲೆ ಒಂದು ಕೆಂಪು ಬಾಣ ಅಂಟಿಸಿ ವಾಪಸು ಕೊಟ್ಟರು.

ಅದೇ ದಿನ ಸಂಜೆ ನಡೆದದ್ದನ್ನೂ ಹೇಳಬೇಕು. ಬಸ್ಸು ಬರುವ ಹೊತ್ತಿಗೆ ಹುಲಿಗೆಮ್ಮ ಬಳೆ ಅಂಗಡಿಯಿಂದ ಹಿಂತಿರುಗಿರಲಿಲ್ಲ. ಬಸ್ಸು ಬಂತು.

"ಹತ್ರಿ" ಅಂದರು ಅಕ್ಕ.

"ಹುಲಿಗೆಮ್ಮ ಬಂದಿಲ್ವಲ್ಲ ಅಕ್ಕ" ಅಂದೆ. "ಎರಡು ನಿಮಿಷ ನಿಲ್ಸೋಕೆ ಹೇಳ್ತೀನಿ ಡ್ರೈವರಿಗೆ."

"ಬ್ಯಾಡ್ರಿ. ಆಕಿಗಿ ಟೈಮ್ ಹೇಳೀನಿ. ಒಬ್ಬಾಕಿಗೆ ನಿಂತು ರೈಲು ತಪ್ಪಿದ್ರ ಆರು ಮಂದಿಗಿ ಮುಂದಿನ ರವಿವಾರ ಇಲ್ಲ."

ಬಸ್ಸು ಹೊರಟಿತು. ಅವರು ಹಿಂದಿನ ಸೀಟಿನಲ್ಲಿ ಕೂತು, ರಸ್ತೆ ತಿರುಗುವವರೆಗೂ ಹಿಂದಿನ ಗಾಜಿನಲ್ಲಿ ನೋಡುತ್ತಲೇ ಇದ್ದರು. ಹುಲಿಗೆಮ್ಮ ಯಾರದೋ ಟೆಂಪೊ ಹಿಡಿದು ರೈಲು ಹೊರಡುವ ಮುಂಚೆ ಓಡಿಬಂದು ಬೇರೆ ಬೋಗಿ ಹತ್ತಿದಳು. ಆಮೇಲೆ ಒಂದು ತಿಂಗಳು ಇಬ್ಬರಿಗೂ ಮಾತಿರಲಿಲ್ಲವಂತೆ. ಒಂದೇ ಕೋಣೆ, ಒಂದೇ ಒಲೆ. ನನ್ನ ಕೇಳಿದರೆ ತಪ್ಪು ಅವರದೇ. ಎರಡು ನಿಮಿಷ ನಿಲ್ಲಬಹುದಿತ್ತು. ಇದನ್ನು ಅವರಿಗೇ ಹೇಳಿದೆ. "ನೀವು ನಿಂದರೋರ್ರಿ, ನಿಮ್ಮ ರವಿವಾರ ಹೋಗಂಗಿಲ್ಲ" ಅಂದರು.

ನಮ್ಮ ಪತ್ರಿಕೆಗೆ ಆ ಹೊತ್ತಿಗೆ ಸ್ವಲ್ಪ ಹೆಸರು ಬಂದಿತ್ತು. ಬಂದದ್ದು ಆ ಒಂದು ಪುಟದಿಂದ. ಅದನ್ನು ಮಾಲೀಕರೂ ಗಮನಿಸಿದರು. ಊರ ಹೊರಗಿನ ಒಂದು ರೆಸಾರ್ಟಿನವರು ಜಾಹೀರಾತು ಕೊಡಲು ಬಂದಾಗ, ಬೇರೆ ಪುಟ ಬೇಡ, ಅದೇ ಪುಟ ಬೇಕು ಎಂದು ಕೇಳಿದರಂತೆ. ಜಾಹೀರಾತಿನ ಹಾಗೆ ಕಾಣಬಾರದು, ಅಕ್ಕ ಹೋಗಿ ಬಂದು ಬರೆದ ಹಾಗೆ ಇರಬೇಕು.

"ಆಗಲ್ಲ ಸಾರ್" ಅಂದೆ. "ಅದು ಅವರ ಪುಟ."

"ಅವರ ಹೆಸರು ಎಲ್ಲಿದೆ ಅದ್ರಲ್ಲಿ? ಅಕ್ಕ ಅಂದ್ರೆ ಯಾರು ಬೇಕಾದ್ರೂ ಆಗ್ಬೋದು" ಅಂದರು ಮಾಲೀಕರು. "ಪೇಪರ್ ರೇಟು ಏರಿರೋದು ನಿಂಗೂ ಗೊತ್ತು ಗುರು. ಒಂದ್ಸಲ ಅಡ್ಜಸ್ಟ್ ಮಾಡ್ಕೊ. ಪತ್ರಿಕೆ ಇದ್ರೆ ತಾನೆ ಆ ಪುಟ?"

ಬರೆದೆ. ಮುಜುಗರದಿಂದ ಬರೆದೆ ಎಂದರೆ ಸುಳ್ಳಾಗುತ್ತದೆ. ಒಂದು ವರ್ಷ ಅವರ ಕಾಗದಗಳನ್ನು ತಿದ್ದಿ ತಿದ್ದಿ ಅವರ ಧಾಟಿ ನನ್ನ ಕೈಗೆ ಬಂದಿತ್ತು. ಗೇಟಿನಿಂದ ಎಷ್ಟು ಹೆಜ್ಜೆ, ನೆರಳು ಎಲ್ಲಿ, ಶೌಚಾಲಯ ಎಷ್ಟು, ಎಲ್ಲಕ್ಕೂ ಚಿಲಕ ಇದೆ ಎಂದು ಬಿಡಿಬಿಡಿ ವಾಕ್ಯಗಳಲ್ಲಿ ಬರೆದೆ. ಚೆನ್ನಾಗಿ ಬಂದಿದೆ ಎಂದೂ ಅನ್ನಿಸಿತು. ಶೈಲಾ ಪುಟ ಜೋಡಿಸುವಾಗ, "ಅಕ್ಕನ್ನ ಒಂದ್ ಮಾತು ಕೇಳ್ಬೋದಿತ್ತು ಸಾರ್, ಇಂಗೆ ಮಾಡ್ಬಾರ್ದು" ಅಂದಳು. ಆ ತಿಂಗಳು ಅವರು ಮಂಡಿನೋವಿನಿಂದ ಶನಿವಾರ ಬರುತ್ತಿರಲಿಲ್ಲ. ನೆಪಕ್ಕೆ ಅದು ಸಾಕಾಯಿತು.

ಮುಂದಿನ ತಿಂಗಳು ಬಂದರು, ಕುಂಟಿಕೊಂಡು. ಪುಟ ಬಿಡಿಸಿದರು. ಈ ಸಲ ಒಂದೂ ಬಾಣ ಅಂಟಿಸಿರಲಿಲ್ಲ.

"ಇದು ನಾ ಬರದಿದ್ದಲ್ಲ."

"ಜಾಹೀರಾತು ಅಕ್ಕ ಅದು. ಮಾಲೀಕರು…"

"ನನ್ನಂಗ ಬರದೀರಿ."

ಅವರ ಲೈನಿನ ಹದಿನಾಲ್ಕು ಹೆಂಗಸರು ಅದನ್ನೋದಿ ಹೋಗಿದ್ದರು. ಅಕ್ಕನಿಗೆ ಮಂಡಿನೋವು, ಬರಲಾಗುವುದಿಲ್ಲ, ಆದರೆ ಅಕ್ಕ ನೋಡಿ ಬರೆದಿದ್ದಾರಲ್ಲ ಎಂಬ ಧೈರ್ಯದಿಂದ. ಅವರನ್ನು ಒಂದು ಮಾತು ಕೇಳುವ ಅಗತ್ಯವೂ ಯಾರಿಗೂ ಕಂಡಿರಲಿಲ್ಲ. ವಾಪಸು ಸಿಗದ ಹಣವನ್ನು ಹಿಂದಿನ ದಿನವೇ ಕಟ್ಟಿ ಹೋದವರ ಬುತ್ತಿಯನ್ನು ರೆಸಾರ್ಟಿನವರು ಗೇಟಿನಲ್ಲೇ ಇಳಿಸಿಕೊಂಡರು. ಈಜುಕೊಳಕ್ಕೆ ಸೀರೆ, ಚೂಡಿದಾರದಲ್ಲಿ ಇಳಿಯುವಂತಿಲ್ಲ, ಈಜುಡುಗೆಯೇ ಬೇಕು ಎಂದರು. ಈಜುಡುಗೆಯನ್ನು ಹೊಲಿದವರಿರಬಹುದು ಅವರಲ್ಲಿ, ತೊಟ್ಟವರು ಯಾರೂ ಇರಲಿಲ್ಲ. ಸಂಜೆಯವರೆಗೆ ಸಿಮೆಂಟು ಕಟ್ಟೆಯ ಮೇಲೆ ಸಾಲಾಗಿ ಕೂತು ಬೇರೆಯವರು ನೀರಾಡುವುದನ್ನು ನೋಡಿ ಬಂದರು.

"ಸೋಮವಾರ ಲೈನಿನಾಗ ಯಾರೂ ನನ್ನ ಕೂಡ ಮಾತಾಡಲಿಲ್ರಿ" ಅಂದರು. "ಮಧ್ಯಾಹ್ನ ಊಟಕ್ಕ ಕುಂತಾಗ ಒಬ್ಬಾಕಿ ಕೇಳಿದ್ಲು, 'ಅಕ್ಕಾ, ನಿನಗ ಎಷ್ಟ್ ಕೊಟ್ರು?' ಅಂತ."

ಅವರ ದನಿ ಏರಿರಲಿಲ್ಲ. ನನ್ನ ಮೇಜಿನ ಬಟ್ಟೆಯ ಅಂಚನ್ನು ಹಿಡಿದಿದ್ದ ಬೆರಳುಗಳು ಮಾತ್ರ ಬಿಟ್ಟಿರಲಿಲ್ಲ.

"ಒಂದ್ ಸಾಲು ಹಾಕ್ರಿ" ಅಂದರು. "ಇದು ಅಕ್ಕ ಬರದಿದ್ದಲ್ಲ ಅಂತ. ಬ್ಯಾರೆ ಏನೂ ಬ್ಯಾಡ. ನಾ ಅದನ್ನ ಲೈನಿನಾಗ ತೋರಸತೀನಿ."

ಖಂಡಿತ ಹಾಕುತ್ತೇನೆ ಅಂದೆ. ಮಾಲೀಕರ ಬಳಿ ಹೋಗಿ ಹೇಳಿಯೂ ಹೇಳಿದೆ. "ದುಡ್ಡು ಇಸ್ಕೊಂಡ ಮೇಲೆ ನಾವೇ ತಪ್ಪೊಪ್ಪಿಗೆ ಹಾಕೋದಾ? ತಲೆ ಸರಿ ಇದ್ಯಾ ನಿಂಗೆ?" ಎಂದರು. ಜಗಳವಾಡಬಹುದಿತ್ತು. ಮಾಲೀಕರು ಊಟಕ್ಕೆ ಹೋದಾಗ ಯಾವುದಾದರೂ ಪುಟದ ಮೂಲೆಯಲ್ಲಿ ಒಂದು ಸಾಲು ಸೇರಿಸಬಹುದಿತ್ತು. ಶೈಲಾ ಬೇಡ ಎನ್ನುತ್ತಿರಲಿಲ್ಲ. ನಾನು ಎರಡನ್ನೂ ಮಾಡಲಿಲ್ಲ. ಸಂಚಿಕೆ ಹೊರಬಂದ ದಿನ ಅಕ್ಕನ ಫೋನು ಬಂತು.

"ಹಾಕಿಲ್ಲಲ್ರಿ."

"ಮುಂದಿನ ಸಂಚಿಕೇಲಿ ಅಕ್ಕ."

"ಆತು" ಅಂದು ಇಟ್ಟರು. ಮುಂದಿನ ಸಂಚಿಕೆಯಲ್ಲೂ ಇರಲಿಲ್ಲ. ಅವರ ಫೋನೂ ಇರಲಿಲ್ಲ. ಮಾಲೀಕರ ಮಾತಿನಂತೆ ಉಳಿಯಬೇಕಿದ್ದ ಪತ್ರಿಕೆ ಕೊರೊನಾ ಬಂದ ವರ್ಷ ನಿಂತುಹೋಯಿತು. ಕೊನೆಯ ಕೆಲವು ತಿಂಗಳು ಅದರಲ್ಲಿ ರೆಸಾರ್ಟುಗಳ ಹೊರತು ಬೇರೇನೂ ಇರಲಿಲ್ಲ.

ಈಗ ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಪ್ರವಾಸದ ಪ್ಯಾಕೇಜುಗಳಿಗೆ ವಿವರಣೆ ಬರೆಯುತ್ತೇನೆ. ಕುರ್ಚಿ ಚೆನ್ನಾಗಿದೆ. ಫೋನಿನಲ್ಲಿ ಎಲ್ಲ ಇರುವಾಗ ಪ್ರವಾಸ ಪತ್ರಿಕೆ ಯಾರಿಗೆ ಬೇಕಿತ್ತು ಎಂದು ಇಲ್ಲಿನ ಹುಡುಗರು ಕೇಳುತ್ತಾರೆ. ಇರುವುದೇನೋ ಹೌದು. ಒಂದು ಕೆರೆಯ ಹೆಸರು ಒತ್ತಿದರೆ ಮುನ್ನೂರು ಜನರ ಅಭಿಪ್ರಾಯ ಬರುತ್ತದೆ. ಸೂಪರ್, ಸಕ್ಕತ್ ಪ್ಲೇಸ್, ಐದು ನಕ್ಷತ್ರ. ಸೂರ್ಯ ಮುಳುಗುವ ವಿಡಿಯೊಗಳೇ ನಲವತ್ತು. ಭಾನುವಾರ ಸಂಜೆ ಬಸ್ಸಿದೆಯೇ ಎಂದು ಹುಡುಕಿ ನೋಡಿ. ನಾನು ಒಂದಿಡೀ ಮಧ್ಯಾಹ್ನ ಹುಡುಕಿ ಸೋತಿದ್ದೇನೆ. ಕಾರಿನವರಿಗೆ ಕಾರಿನವರು ಬರೆದದ್ದು ಬೇಕಾದಷ್ಟಿದೆ. ಬುತ್ತಿ ಕಟ್ಟಿಕೊಂಡು ಹೊರಡುವವರಿಗೆ, ವಾರಕ್ಕೊಂದೇ ದಿನ ಇರುವವರಿಗೆ ಬೇಕಾದದ್ದು ಆ ಕಂದು ಕಾಗದಗಳಲ್ಲಿ ಮಾತ್ರ ಇತ್ತು. ಅದನ್ನು ಅಚ್ಚು ಹಾಕುವ ಭಾಗ್ಯ ನಮಗೆ ಸಿಕ್ಕಿತ್ತು. ನಾವು ಅದನ್ನು ಮಾರಿಕೊಂಡೆವು.

ಶೈಲಾ ಸಿಕ್ಕ ಮರುವಾರ, ಭಾನುವಾರ ಮಧ್ಯಾಹ್ನ, ಚಿಕ್ಕಬಾಣಾವರಕ್ಕೆ ಹೋದೆ. ಅವರಿಬ್ಬರ ಕೋಣೆ ಶೀಟಿನ ಮಾಡಿನ ಸಾಲುಮನೆಗಳಲ್ಲಿ ಕೊನೆಯದು. ಹುಲಿಗೆಮ್ಮ ನನ್ನ ಗುರುತು ಹಿಡಿದಳು. ಒಳಗೆ ಕರೆದು ಕೂರಿಸಿ ಚಹಾ ಕೊಟ್ಟಳು.

ರೆಸಾರ್ಟಿನ ವಿಷಯ ಆದ ಮೇಲೆ ಲೈನಿನವರು ಯಾರೂ ಅವರ ಜೊತೆ ಹೊರಡಲಿಲ್ಲವಂತೆ. ಅವರು ಮಾತ್ರ ಹೋಗುವುದನ್ನು ಬಿಡಲಿಲ್ಲ. ಮಂಡಿಗೆ ಪಟ್ಟಿ ಕಟ್ಟಿಕೊಂಡು ಭಾನುವಾರ ಒಬ್ಬರೇ ಬಸ್ಸು ಹತ್ತಿ ಹೋಗಿ, ಎಲ್ಲ ನೋಡಿ, ಬರೆದುಕೊಂಡು ಬರುತ್ತಿದ್ದರಂತೆ. "ಯಾರು ಓದತಾರಂತ ಬರೀತಿ ಅಂತ ನಾ ಬೈತಿದ್ದೆ. 'ಬರದಿಟ್ರ ಕೆಡತೈತೇನು' ಅನ್ನೋದು. ಕೊನೀ ಕೊನಿಗೆ ನಾ ಒಬ್ಬಾಕೀನ ಅದರ ಕೂಡ ಹೋಗ್ತಿದ್ದೆ. ಒಬ್ಬಾಕೀನ ಬಿಟ್ರ ಬೀಳತೈತಿ ಅಂತ."

"ಆ ಕಾಗದಗಳು ಇದಾವಾ?" ಎಂದು ಕೇಳಿದೆ. ಅಷ್ಟು ಹೊತ್ತೂ ಅದನ್ನೇ ಕೇಳಬೇಕೆಂದು ಕಾದಿದ್ದೆ. ಎಲ್ಲಿಯಾದರೂ ಅಚ್ಚು ಹಾಕಿಸಬಹುದು, ಅವರದೆಂದು ಹೇಳಬಹುದು ಎಂದು ಬಸ್ಸಿನಲ್ಲಿ ಬರುವಾಗಲೇ ಲೆಕ್ಕ ಹಾಕಿದ್ದೆ.

"ಎಲ್ಲಿ ಬಂತ್ರಿ. ಅಕ್ಕನ ಸಾಮಾನು ಊರಿಗಿ ಕಳಸುವಾಗ ಪಾತ್ರಿ ಸುತ್ತಾಕ ಕಾಗದ ಇರಲಿಲ್ಲ, ಅವನ್ನೇ ಹಾಕಿ ಕಟ್ಟಿದೆ. ಅಲ್ಲಿ ಬಿಚ್ಚಿ ಒಲಿಗೆ ಹಾಕಿರತಾರ."

ಅವಳ ಮೇಲೆ ರೇಗಬೇಕೆನಿಸಿತು. ರೇಗುವ ಯೋಗ್ಯತೆ ಇರಲಿಲ್ಲ. ಚಹಾ ಕುಡಿದೆ.

"ನನ್ನ ಬಗ್ಗೆ ಏನಾದ್ರೂ ಹೇಳ್ತಿದ್ರಾ?"

ಹುಲಿಗೆಮ್ಮ ಸ್ವಲ್ಪ ಯೋಚಿಸಿದಳು. ನನ್ನ ಮನಸ್ಸು ನೋಯಬಾರದೆಂದು ಏನಾದರೂ ನೆನಪಿಸಿಕೊಳ್ಳಲು ನೋಡುತ್ತಿದ್ದಾಳೆಂದು ಕಂಡಿತು. "ಇಲ್ರೀ" ಅಂದಳು ಕೊನೆಗೆ.

ಎದ್ದು ಚಪ್ಪಲಿ ಮೆಟ್ಟುವಾಗ ಅವಳೇ ಮಾತು ತೆಗೆದಳು. "ಹೆಂಗೂ ಬಂದೀರಿ, ಒಂದ್ ಕೇಳಬೇಕಿತ್ರಿ. ಸಮುದ್ರ ನೋಡಬೇಕಂತ ನಾವು ಐದು ಮಂದಿ ಕೂಡೇವಿ. ಹೊಸಾ ಹುಡಿಗ್ಯಾರು ಅದಾರ, ಯಾರೂ ನೋಡಿಲ್ಲ. ಶನಿವಾರ ಡ್ಯೂಟಿ ಮುಗಿಸಿ ಹೊಂಟು ಸೋಮವಾರ ಡ್ಯೂಟಿಗೆ ಬರಬೇಕು. ಎಲ್ಲಿ ಹೋದ್ರ ಚಲೋ? ಒದ್ದಿ ಬಟ್ಟಿ ಬಿಚ್ಚಿ ಬ್ಯಾರೆ ಉಡಾಕ ಹೆಣ್ಮಕ್ಕಳಿಗೆ ಜಾಗ ಇರಬೇಕು."

ಕರಾವಳಿಯ ಬಗ್ಗೆ ನಾನು ಈ ಜೀವನದಲ್ಲಿ ಇಪ್ಪತ್ತಕ್ಕೂ ಹೆಚ್ಚು ಲೇಖನ ಬರೆದಿರಬಹುದು. ನಾಲ್ಕು ಕಡಲತೀರಗಳ ಹೆಸರು ಬಾಯಿಗೆ ಬಂದವು. ಹೇಳಲಿಲ್ಲ.

"ನಂಗೆ ಗೊತ್ತಿಲ್ಲ ಹುಲಿಗೆಮ್ಮ. ನಾನು ನೋಡಿಲ್ಲ."

ಅವಳಿಗೆ ಅದು ಆಶ್ಚರ್ಯವೆನಿಸಲಿಲ್ಲ. "ಹಂಗಾರ ಯಾರಿಗಿ ಗೊತ್ತಿರತೈತ್ರಿ?" ಅಂದಳು.

ಮನೆಗೆ ಹೋಗುವ ಬಸ್ಸು ಬಿಟ್ಟು ರೈಲು ನಿಲ್ದಾಣಕ್ಕೆ ನಡೆದೆ. ಕೌಂಟರಿನ ಮುಂದೆ ಯಾರೂ ಇರಲಿಲ್ಲ. ಶನಿವಾರ ಸಂಜೆ ಮಂಗಳೂರಿನ ಕಡೆಗೆ ಹೋಗಬೇಕು, ಭಾನುವಾರ ಹಿಂದಿರುಗಬೇಕು ಎಂದೆ. ಒಳಗಿದ್ದವರು ಕಂಪ್ಯೂಟರ್ ನೋಡಿ ತಲೆಯಾಡಿಸಿದರು.

"ಸೀಟಿಲ್ಲ ಸಾರ್. ಯಶವಂತಪುರಕ್ಕೆ ಹೋಗಿ, ಅವತ್ತೇ ಜನರಲ್ ಟಿಕೆಟ್ ತಗೊಂಡು ನಿಂತ್ಕೊಂಡು ಹೋಗ್ಬೇಕು."

"ಎಷ್ಟು ಹೊತ್ತು ನಿಂತಿರ್ಬೇಕಾಗುತ್ತೆ?"

"ನಂಗೇನು ಗೊತ್ತು ಸಾರ್. ಹೋದೋರನ್ನ ಕೇಳಿ."

ಶನಿವಾರ ಯಶವಂತಪುರಕ್ಕೆ ಹೋಗಿ, ಜನರಲ್ ಬೋಗಿ ಹತ್ತಿ ನಿಂತೆ.